ಲಂಡನ್ನಿನ ಗೋಮಾಳಕ್ಕೆ ಹೋಗುವ ಮುಂಚೆ

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ "ಹೋಗಿ ಬಾಮ್ಮ, ಚೆನ್ನಾಗಿದೆ" ಅಂತ ಎರಡು ಮಾತಿನಲ್ಲಿ ಮುಗಿಸಿಬಿಟ್ಟೆ. ಇತ್ತ ನಿಮ್ಮತ್ತೆ ಊಟಕ್ಕೆ ಕರೆಯುತ್ತಿದ್ದಳು, ಅತ್ತ ನಿನ್ನ ಮಗ ರಂಪ ಮಾಡುತ್ತಿದ್ದ. ರಾತ್ರಿ ಮಲಗಿದ ಮೇಲೆ ನಿನ್ನ ಕೊನೆಯ ಪ್ರಶ್ನೆ ಮತ್ತೆ ಮತ್ತೆ ನೆನಪಿಗೆ ಬಂತು. "ಮಾವ, ಮಡ್‌ಚೂಟ್ ಫಾರ್ಮ್ ನೋಡೋದಕ್ಕೆ ಒಂದು ಗಂಟೆ ಸಾಕಾಗುತ್ತಾ?" ಅಂದೆಯಲ್ಲ, ಅದು. ಸಾಕಾಗುವುದಿಲ್ಲ ಕಣಮ್ಮ. ಯಾಕೆ ಅಂತ ಹೇಳುವುದಕ್ಕೇ ಕೂತು ಬರೆಯುತ್ತಿದ್ದೇನೆ. ಸಾವಕಾಶವಾಗಿ ಓದು.

ನಿನಗೆ ಗೊತ್ತು, ನಾನು ಮೂವತ್ತೊಂದು ವರ್ಷ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಹಾಸನ ಜಿಲ್ಲೆಯ ಊರೂರಲ್ಲಿ ಜನ "ದನದ ಡಾಕ್ಟ್ರು" ಅಂತಲೇ ಕರೆಯುತ್ತಿದ್ದರು. ನಿವೃತ್ತನಾದ ಮೇಲೆ ಮಗನ ಮನೆಗೆ ಅಂತ ಲಂಡನ್ನಿಗೆ ಬಂದು ಆರು ತಿಂಗಳು ಇದ್ದೆನಲ್ಲ, ಮೊದಲ ಇಪ್ಪತ್ತು ದಿನ ಕಿಟಕಿ ಪಕ್ಕ ಕೂತು ರೈಲು ಎಣಿಸಿದ್ದಷ್ಟೇ. ಒಂದು ಬೆಳಗ್ಗೆ ಮೊಮ್ಮಗನ ಕೈ ಹಿಡಿದು ಹಾಗೇ ನಡೆದುಕೊಂಡು ಹೋಗುತ್ತಿದ್ದಾಗ ಗಾಳಿ ತಿರುಗಿತು. ಗಂಜಲದ ವಾಸನೆ ಬಂತು. ಒಣಹುಲ್ಲು, ಸಗಣಿ, ಗಂಜಲ ಮೂರೂ ಸೇರಿದ ಕೊಟ್ಟಿಗೆ ವಾಸನೆ. ಅಷ್ಟು ದೂರದ ದೇಶದಲ್ಲಿ ನನ್ನನ್ನು ಹೆಸರು ಹಿಡಿದು ಕರೆದ ಹಾಗಾಯಿತು. ವಾಸನೆ ಹಿಡಿದೇ ದಾರಿ ಹುಡುಕಿಕೊಂಡು ಹೋದೆವು.

ಹೋಗಿ ನೋಡಿದರೆ, ಬೇಲಿಯಾಚೆ ಒಂದು ಕಪ್ಪು ಹಸು ಕಾಲು ಮಡಚಿ ಮಲಗಿ ಮೆಲುಕು ಹಾಕುತ್ತಿದೆ. ಅದರ ಬೆನ್ನ ಹಿಂದೆಯೇ ಕ್ಯಾನರಿ ವಾರ್ಫಿನ ಗಾಜಿನ ಗೋಪುರಗಳು, 1991ರಲ್ಲಿ ಎದ್ದ ಆ 50 ಮಹಡಿಯ ಕಟ್ಟಡವೂ ಸೇರಿ. ನಿನ್ನ ಗಂಡ ದಿನಾ ಲಿಫ್ಟು ಹತ್ತುವ ಜಾಗಕ್ಕೂ ಈ ಹಸುವಿಗೂ ನಡುವೆ ನಡೆದರೆ ಅರ್ಧ ಗಂಟೆಯೂ ಇಲ್ಲ.

ಆ ಜಾಗ ಒಟ್ಟು 32 ಎಕರೆ. ಆ ಲೆಕ್ಕ ಕೇಳಿದಾಗ ಇಲಾಖೆಯ ಹಳೆಯ ನಿಯಮವೊಂದು ನೆನಪಾಯಿತು. ನಮ್ಮ ಕರ್ನಾಟಕದ ಕಂದಾಯ ನಿಯಮದಲ್ಲಿ ಹಳ್ಳಿಯ ಪ್ರತಿ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 30 ಎಕರೆ ಗೋಮಾಳ ಬಿಡಬೇಕು ಅಂತ ಇದೆ. ನಮ್ಮ ಊರಿನ ಗೋಮಾಳ ಏನಾಯಿತು ಅಂತ ನಿನಗೂ ಗೊತ್ತು. ನೀನು ಚಿಕ್ಕವಳಿದ್ದಾಗ ಎಮ್ಮೆ ಹಿಂದೆ ಓಡಾಡಿದ ಜಾಗದಲ್ಲಿ ಈಗ ಸೈಟಿನ ಕಲ್ಲು ನಿಂತಿವೆ. ನೂರು ದನದ ಗೋಮಾಳದಷ್ಟೇ ನೆಲ ಲಂಡನ್ನಿನ ಬ್ಯಾಂಕುಗಳ ಮಗ್ಗುಲಲ್ಲಿ, ಅಷ್ಟು ಬೆಲೆಬಾಳುವ ಜಾಗದಲ್ಲಿ, ಯಾರೂ ನುಂಗದೆ ಉಳಿದಿದೆ. ಹೇಗೆ ಉಳಿಯಿತು ಅನ್ನುವುದನ್ನು ತಿಳಿದುಕೊಂಡೇ ಒಳಗೆ ಕಾಲಿಡು.

ಆ ದಿಬ್ಬ ಹುಟ್ಟಿದ್ದೇ ಹೂಳಿನಿಂದ. ಥೇಮ್ಸ್ ನದಿ ಮೂರು ಕಡೆ ಸುತ್ತಿಕೊಂಡ ಆ ನೆಲದಲ್ಲಿ 1868ರಲ್ಲಿ ಮಿಲ್‌ವಾಲ್ ಡಾಕ್ ಅಂತ ಹಡಗುಕಟ್ಟೆ ಮಾಡಿದರು. ನದಿಯ ಕೆಸರು ಬಂದು ಬಂದು ತುಂಬಿಕೊಳ್ಳುತ್ತಿತ್ತು. ಹಡಗು ಓಡಾಡಬೇಕಲ್ಲ, ಆ ಕೆಸರನ್ನು ಎತ್ತಿ ಕೊಳವೆಯಲ್ಲಿ ತಳ್ಳಿ ಪಕ್ಕದ ಬಯಲಿಗೆ ಸುರಿದರು. ಮಡ್‌ಚೂಟ್ ಅನ್ನುವ ಹೆಸರೇ ಅಲ್ಲಿಂದ ಬಂದದ್ದು. ನಿಮ್ಮ ತಾತ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಗೋಡು ಹೊಡೆಯುತ್ತಿದ್ದರಲ್ಲ, ಹೊಲಕ್ಕೆ ಕೆರೆಗೋಡು ಬಿದ್ದ ವರ್ಷ ರಾಗಿ ಆಳೆತ್ತರ ಬರುತ್ತಿತ್ತಲ್ಲ, ಅದೇ ಬಗೆ. ಅವರು ಬೇಡ ಅಂತ ಎಸೆದ ಕೆಸರೇ ಫಲವತ್ತಾದ ನೆಲವಾಯಿತು. ಎರಡನೇ ಮಹಾಯುದ್ಧದಲ್ಲಿ ಆ ದಿಬ್ಬದ ಮೇಲೆ ವಿಮಾನ ಹೊಡೆಯುವ ತೋಪುಗಳನ್ನು ಹೂಡಿದ್ದರು. ಒಂದು ತೋಪು ಈಗಲೂ ಅಲ್ಲಿ ನಿಂತಿದೆ. ಮಗ ಮೊದಲು ಓಡುವುದು ಅದರ ಹತ್ತಿರಕ್ಕೇ, ಓಡಲಿ ಬಿಡು.

1974ರಲ್ಲಿ ಅಲ್ಲಿನ ನಗರಾಡಳಿತ ಆ ಜಾಗದಲ್ಲಿ ಬಹುಮಹಡಿ ಮನೆಗಳನ್ನು ಕಟ್ಟುವುದಕ್ಕೆ ಹೊರಟಿತು. ಸುತ್ತಲಿನ ಜನ ಒಪ್ಪಲಿಲ್ಲ. ಹಡಗುಕಟ್ಟೆಯನ್ನು ನೆಚ್ಚಿಕೊಂಡು ಬದುಕಿದ ಕೇರಿಗಳವು, ದೊಡ್ಡವರ ಸಂಪರ್ಕ ಇದ್ದವರಲ್ಲ. ಮಕ್ಕಳಿಗೆ ಓಡಾಡುವುದಕ್ಕೆ ಇದೊಂದೇ ಹಸಿರು ಇರುವುದು ಅಂತ ಹಟ ಹಿಡಿದರು, ಯೋಜನೆ ಬಿದ್ದುಹೋಯಿತು. 1977ರಲ್ಲಿ ಸಂಘ ಕಟ್ಟಿಕೊಂಡು ಜಾಗವನ್ನು ತಾವೇ ನೋಡಿಕೊಳ್ಳುವುದಕ್ಕೆ ನಿಂತರು. ದನ, ಕುರಿ, ಮೇಕೆ, ಹಂದಿ, ಕುದುರೆ ಒಂದೊಂದಾಗಿ ಬಂದವು. ಇಂಥ ನಗರದ ಫಾರ್ಮುಗಳಲ್ಲಿ ಮೊದಲನೆಯದು ಅದಕ್ಕೂ ಐದು ವರ್ಷ ಹಿಂದೆ, 1972ರಲ್ಲಿ, ಲಂಡನ್ನಿನ ಉತ್ತರದ ಕೆಂಟಿಷ್ ಟೌನಿನಲ್ಲಿ ಆಗಿತ್ತು. ಅದನ್ನು ನೋಡಿ ಉಳಿದ ಕೇರಿಗಳವರಿಗೂ ಧೈರ್ಯ ಬಂತು.

ಆದ್ದರಿಂದ ಇದನ್ನು ಮೃಗಾಲಯ ಅಂತ ತಿಳಿಯಬೇಡ. ಟಿಕೆಟ್ ಇಲ್ಲ, ಬಾಗಿಲಲ್ಲಿ ತಡೆಯುವವರಿಲ್ಲ, ಬೇಕಾದರೆ ಕಾಣಿಕೆ ಡಬ್ಬಿಗೆ ಒಂದಿಷ್ಟು ಹಾಕಬಹುದು. ಹಾಕು, ಪ್ರತಿ ಸಲವೂ ಹಾಕು. ಅಲ್ಲಿ ಹುಲ್ಲು ಬರುವುದು ಅಂಥ ದುಡ್ಡಿನಿಂದ. ಯಾರೋ ಹೋರಾಡಿ ಉಳಿಸಿದ ಗೋಮಾಳಕ್ಕೆ ಒಂದು ಗಂಟೆಗೆ ಹೋಗಿ, ಹತ್ತು ಪ್ರಾಣಿಯ ಮುಂದೆ ಮಗುವನ್ನು ನಿಲ್ಲಿಸಿ ಫೋಟೋ ಹೊಡೆದು, ಮನೆಯವರ ಗ್ರೂಪಿಗೆ ಹಾಕಿ ಬಂದರೆ ಮಗುವಿಗೆ ಏನು ಸಿಕ್ಕಿತು? ಹತ್ತು ಪ್ರಾಣಿಯನ್ನು ಅದು ಪುಸ್ತಕದಲ್ಲಿ ಆಗಲೇ ನೋಡಿದೆ.

ನಾನು ಹೇಳುವುದು ಇಷ್ಟೇ. ಒಂದೇ ಪ್ರಾಣಿಯನ್ನು ಗೊತ್ತು ಮಾಡಿಕೊಳ್ಳಿ. ವಾರಕ್ಕೊಂದು ದಿನ, ಅದೇ ದಿನ, ಅದೇ ಹೊತ್ತಿಗೆ ಅದರ ಹತ್ತಿರಕ್ಕೇ ಹೋಗಿ. ಉಳಿದವು ದಾರಿಯಲ್ಲಿ ಕಂಡರೆ ಕಾಣಲಿ.

ನಾನೂ ನನ್ನ ಮೊಮ್ಮಗನೂ ಒಂದು ಮೇಕೆಯನ್ನು ಗೊತ್ತು ಮಾಡಿಕೊಂಡಿದ್ದೆವು. ಕಂದು ಬಣ್ಣ, ಉಬ್ಬಿದ ಮೂಗು, ಗಲ್ಲದಿಂದ ಕೆಳಕ್ಕೆ ಇಳಿಬಿದ್ದ ಉದ್ದನೆಯ ಕಿವಿ. ಎಡಗಿವಿಯ ಅಂಚು ಒಂದಿಷ್ಟು ಹರಿದಿತ್ತು. ಮೊದಲ ದಿನ ನೋಡಿದಾಗಲೇ ಇದು ಎಲ್ಲೋ ನಮ್ಮ ಕಡೆಯದು ಅನ್ನಿಸಿತ್ತು. ಅನ್ನಿಸಿದ್ದು ಸುಳ್ಳಲ್ಲ. ಅದು ಆಂಗ್ಲೋ-ನೂಬಿಯನ್ ಅನ್ನುವ ತಳಿ. ಹತ್ತೊಂಬತ್ತನೇ ಶತಮಾನದಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದ ನಮ್ಮ ಉತ್ತರದ ಜಮುನಾಪಾರಿ ಹೋತಗಳನ್ನೂ ಈಜಿಪ್ಟ್ ಕಡೆಯ ಹೋತಗಳನ್ನೂ ಅಲ್ಲಿನ ಮೇಕೆಗಳಿಗೆ ಬಿಟ್ಟು ಮಾಡಿದ ತಳಿ. ಕಿವಿ, ಮೂಗು ಎರಡೂ ಜಮುನಾಪಾರಿಯವೇ. ಮೊಮ್ಮಗನಿಗೆ ಹೇಳಿದೆ, "ಇವಳ ಮುತ್ತಜ್ಜನ ಮುತ್ತಜ್ಜ ನಮ್ಮ ದೇಶದವನು ಕಣೋ" ಅಂತ. ಅವತ್ತಿನಿಂದ ಅವನು ಅವಳನ್ನು "ನಮ್ಮವಳು" ಅನ್ನುವುದಕ್ಕೆ ಶುರು ಮಾಡಿದ.

ಮೊದಲ ವಾರ ಅವಳು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ವಾರ ಮೊಮ್ಮಗನಿಗೆ ಬೇಸರ ಬಂತು, ಕುದುರೆ ನೋಡೋಣ ಅಂದ. ಆಮೇಲೆ ನೋಡೋಣ ಅಂದೆ. ಮೂರನೇ ವಾರವೋ ನಾಲ್ಕನೇ ವಾರವೋ, ಮಳೆ ಹನಿಯುತ್ತಿತ್ತು, ಯಾರೂ ಇರಲಿಲ್ಲ. ಅವಳು ತಾನಾಗಿ ಬಂದು ಬೇಲಿಗೆ ಹಣೆ ಒತ್ತಿ ನಿಂತಳು. ಹುಡುಗ ಉಸಿರು ಬಿಗಿಹಿಡಿದ. "ತಾತ, ಅವಳ ಕಣ್ಣಿನ ಗೊಂಬೆ ಅಡ್ಡಕ್ಕಿದೆ!" ಅಂದ. ಮೇಕೆ ಕಣ್ಣಿನ ಪಾಪೆ ಅಡ್ಡ ಗೀಟಿನ ಹಾಗಿರುತ್ತದೆ ಅನ್ನುವುದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ನಾಲ್ಕು ವಾರ ನಿಂತ ಮೇಲೆ ಅದು ಅವನಿಗೆ ಕಂಡದ್ದು. ಯಾಕೆ ಹಾಗೆ ಅಂತ ಆಮೇಲೆ ಹೇಳಿದೆ. ತಲೆ ಬಗ್ಗಿಸಿ ಮೇಯುವಾಗಲೂ ಸುತ್ತ ಯಾರು ಬರುತ್ತಾರೆ ಅಂತ ಕಾಣಬೇಕಲ್ಲ, ಅದಕ್ಕೆ. ಅವನು ಮನೆಗೆ ಬಂದು ಕತ್ತು ಬಗ್ಗಿಸಿ ನಡೆದು ನಡೆದು ಪರೀಕ್ಷೆ ಮಾಡಿದ.

ಇನ್ನು ತಿನ್ನಿಸುವ ವಿಷಯ. ಇದನ್ನು ಮಾತ್ರ ಕಿವಿಗೊಟ್ಟು ಕೇಳು, ನಮ್ಮವರೆಲ್ಲ ಎಡವುವುದು ಇಲ್ಲೇ.

ನಮ್ಮಲ್ಲಿ ಹಬ್ಬದ ದಿನ ಮೊದಲ ತುತ್ತು ಹಸುವಿಗೆ. ಬಾಗಿಲಿಗೆ ದನ ಬಂದರೆ ಬಾಳೆಹಣ್ಣಿನ ಸಿಪ್ಪೆಯಾದರೂ ಕೊಡದೆ ಕಳಿಸುವುದಿಲ್ಲ. ನಿಮ್ಮತ್ತೆ ಒಂದು ದಿನ ನಮ್ಮ ಜೊತೆ ಬಂದವಳು ಬೆಳಗಿನ ಅಕ್ಕಿರೊಟ್ಟಿ ಎರಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ರೊಟ್ಟಿ ಮುರಿದು ಬೇಲಿಯೊಳಗೆ ಕೈ ಚಾಚಿದ್ದೇ ತಡ, ತಳ್ಳುಗಾಡಿ ನೂಕಿಕೊಂಡು ಹೋಗುತ್ತಿದ್ದ ಹುಡುಗಿಯೊಬ್ಬಳು ಗಾಡಿ ಬಿಟ್ಟು ಓಡಿಬಂದಳು. ಬೈಯಲಿಲ್ಲ, ಮೆತ್ತಗೇ ಹೇಳಿದಳು. ಆದರೂ ನಿಮ್ಮತ್ತೆಯ ಮುಖ ಸಪ್ಪಗಾಯಿತು. "ಹಸಿದ ಬಾಯಿಗೆ ಕೊಡುವುದೂ ತಪ್ಪಾ?" ಅಂತ ದಾರಿಯುದ್ದಕ್ಕೂ ಕೇಳಿದಳು. ತಡೆಯಬೇಕಾದವನು ನಾನು. ಇಷ್ಟು ವರ್ಷ ಇದೇ ಕೆಲಸ ಮಾಡಿದವನು ಅವಳ ಸೆರಗಿನ ಗಂಟು ಕಂಡೂ ಸುಮ್ಮನಿದ್ದೆ. ಆ ನೋವು ನನಗೆ ಈಗಲೂ ಇದೆ.

ಯಾಕೆ ತಪ್ಪು ಅಂತ ಅವಳಿಗೆ ಅವತ್ತು ರಾತ್ರಿ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಬಂತು. ಮೂಲ ಹುಡುಕಿಕೊಂಡು ಹೋದರೆ, ಒಂದು ಹಂದಿ ಸಾಕುವ ಜಾಗದಲ್ಲಿ ಸರಿಯಾಗಿ ಬೇಯಿಸದ ಮುಸುರೆ ಹಾಕಿದ್ದರು. ಅಲ್ಲಿಂದ ಹತ್ತಿಕೊಂಡದ್ದು ದೇಶವೆಲ್ಲ ಹರಡಿತು. ಹರಡದಂತೆ ತಡೆಯಲು ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಎಷ್ಟೋ ಕುಟುಂಬಗಳ ಕೊಟ್ಟಿಗೆ ಒಂದೇ ದಿನದಲ್ಲಿ ಬರಿದಾಯಿತು. ಆಮೇಲೆ ಅಲ್ಲಿ ಮನೆಯ ಅಡುಗೆಮನೆಯಲ್ಲಿ ಉಳಿದದ್ದನ್ನು ದನಕುರಿಗೆ ಹಾಕುವುದೇ ಕಾನೂನಿಗೆ ವಿರುದ್ಧ ಅಂತಾಯಿತು.

ಕಾಲುಬಾಯಿ ಜ್ವರ ಅಂದರೆ ನನಗೆ ಕಾಗದದ ಮೇಲಿನ ಮಾತಲ್ಲ ಕಣಮ್ಮ. ನಮ್ಮ ರಾಜ್ಯದಲ್ಲಿ 2013ರಲ್ಲಿ ಬಂದಾಗ ಸಾವಿರಾರು ದನ ಹೋದವು. ಒಬ್ಬ ಹೆಂಗಸಿನ ಮನೆಯಲ್ಲಿ ಇದ್ದದ್ದೊಂದು ಎಚ್‌ಎಫ್ ಹಸು, ಡೇರಿಗೆ ಹಾಲು ಹಾಕಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಳು. ನಾನು ಹೋದಾಗ ಹಸುವಿನ ಬಾಯಿಂದ ಜೊಲ್ಲು ನೂಲಿನ ಹಾಗೆ ನೆಲಕ್ಕೆ ಇಳಿಯುತ್ತಿತ್ತು, ಗೊರಸಿನ ಸಂದಿಯಲ್ಲಿ ಹುಣ್ಣು, ನಿಲ್ಲಲಾರದೆ ಒಂದೊಂದೇ ಕಾಲು ಎತ್ತಿ ಒದರುತ್ತಿತ್ತು. ಅವಳು ರಾಗಿ ಹಿಟ್ಟಿಗೆ ಜೇನುತುಪ್ಪ ಕಲಸಿ ಬೆರಳಿನಿಂದ ಅದರ ನಾಲಗೆಗೆ ಸವರುತ್ತಾ "ನುಂಗೇ, ನನ್ನವ್ವ ನುಂಗೇ" ಅನ್ನುತ್ತಿದ್ದಳು. ಒಂದು ತುತ್ತಿನ ಹಿಂದೆ ಏನೆಲ್ಲ ಇರಬಹುದು ಅನ್ನುವುದಕ್ಕೆ ಹೇಳಿದೆ. ಇಷ್ಟರ ಮೇಲೆ, ಹೊಟ್ಟೆಯ ಮಾತೂ ಇದೆ. ಮೇಕೆಗೆ ಬ್ರೆಡ್ಡು, ಅಕ್ಕಿ, ಹಿಟ್ಟಿನ ಪದಾರ್ಥ ಜಾಸ್ತಿ ಬಿದ್ದರೆ ಹೊಟ್ಟೆಯಲ್ಲಿ ಹುಳಿಯೇರಿ ಉಬ್ಬರಿಸಿಕೊಂಡು ಸತ್ತೇ ಹೋಗಬಹುದು. ಶನಿವಾರ ನೂರು ಮಕ್ಕಳು ಬಂದು ಒಂದೊಂದು ಚೂರು ಕೊಟ್ಟರೆ ಭಾನುವಾರ ಕೊಟ್ಟಿಗೆಯಲ್ಲಿ ಏನಾಗಿರುತ್ತದೆ ಯೋಚಿಸು. ಕೆಲವು ಫಾರ್ಮುಗಳಲ್ಲಿ ಅವರೇ ಮೇವಿನ ಪೊಟ್ಟಣ ಮಾರುತ್ತಾರೆ. ಇದ್ದರೆ ಅದನ್ನು ಕೊಂಡು ಕೊಡು, ಇಲ್ಲದಿದ್ದರೆ ಬರಿಗೈಯಲ್ಲಿ ನಿಲ್ಲು. ಕೊಡದೆಯೂ ಹತ್ತಿರವಾಗಬಹುದು ಅಂತ ಮಗನಿಗೆ ಗೊತ್ತಾಗಲಿ.

ಕೈ ತೊಳೆಯುವುದು ಇನ್ನೊಂದು. ಚೆನ್ನಾಗಿ ಆರೋಗ್ಯವಾಗಿರುವ ಹಸು, ಕುರಿಯ ಕರುಳಿನಲ್ಲೂ ಇ-ಕೋಲೈ ಜಾತಿಯ ಒಂದು ಕೆಟ್ಟ ರೋಗಾಣು ಇರಬಹುದು. ಪ್ರಾಣಿಗೆ ಏನೂ ಆಗುವುದಿಲ್ಲ, ಮಗುವಿನ ಬಾಯಿಗೆ ಒಂದಿಷ್ಟೇ ಹೋದರೂ ರಕ್ತಭೇದಿ, ಒಮ್ಮೊಮ್ಮೆ ಮೂತ್ರಪಿಂಡಕ್ಕೇ ಪೆಟ್ಟು. 2009ರಲ್ಲಿ ಇಂಗ್ಲೆಂಡಿನ ಒಂದು ಫಾರ್ಮಿಗೆ ಹೋಗಿ ಬಂದವರಲ್ಲಿ 93 ಮಂದಿಗೆ ಇದು ಬಂತು, ಬಹುಪಾಲು ಮಕ್ಕಳು. ನೀನು ಬ್ಯಾಗಿಗೆ ಸಿಕ್ಕಿಸಿಕೊಂಡಿರುವ ಆ ಸ್ಯಾನಿಟೈಸರ್ ಸಾಕಾಗುವುದಿಲ್ಲ. ಹರಿಯುವ ನೀರು, ಸೋಪು, ಬೆರಳ ಸಂದಿ, ಉಗುರು. ಕೈ ತೊಳೆಯುವವರೆಗೆ ಬಿಸ್ಕತ್ತಿಲ್ಲ, ಐಸ್‌ಕ್ರೀಮಿಲ್ಲ, ಬೆರಳು ಚೀಪುವ ಹಾಗಿಲ್ಲ. ಮನೆಗೆ ಬಂದಮೇಲೆ ಬೂಟನ್ನು ಹೊರಗೇ ಬಿಟ್ಟು ಅದನ್ನು ತೊಳೆದ ಮೇಲೆ ಮತ್ತೊಮ್ಮೆ ಕೈ ತೊಳಿ. ಇಷ್ಟು ಮಾಡಿದರೆ ಹೆದರುವುದು ಏನೂ ಇಲ್ಲ. ಹೆದರಿ ಮಗುವನ್ನು ದೂರ ಇಡುವುದಕ್ಕಿಂತ ತೊಳೆದು ಹತ್ತಿರ ಬಿಡುವುದು ಮೇಲು.

ನಿನ್ನ ಓರಗಿತ್ತಿ ಬಸುರಿ, ಬಾಣಂತನಕ್ಕೆ ಮುಂಚೆ ನಿಮ್ಮಲ್ಲಿಗೆ ಬರುತ್ತಾಳೆ ಅಂದೆಯಲ್ಲ. ಚಳಿ ಕಳೆದು ಕುರಿಗಳು ಮರಿ ಹಾಕುವ ಕಾಲದಲ್ಲಿ ಅವಳನ್ನು ಕುರಿದೊಡ್ಡಿಯ ಹತ್ತಿರ ಕರೆದುಕೊಂಡು ಹೋಗಬೇಡ. ಕಂದು ಹಾಕಿದ ಕುರಿಯಿಂದ ಬಸುರಿಗೆ ತಗಲುವ ಸೋಂಕುಗಳಿವೆ, ಮಗುವಿಗೇ ಕಂಟಕ. ಮರಿ ಎತ್ತಿಕೊಂಡವರ ಬಟ್ಟೆಯನ್ನೂ ಅವಳು ಮುಟ್ಟುವುದು ಬೇಡ. ನಮ್ಮ ಹಳ್ಳಿಗಳಲ್ಲಿ ಕಂದು ರೋಗದ ವಿಷಯ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡವನು ನಾನು. ಇದರಲ್ಲಿ ಸಲಿಗೆ ಬೇಡ.

ಮಗ ಪ್ರಶ್ನೆ ಕೇಳುತ್ತಾನೆ. ಕೇಳಲಿ ಅಂತಲೇ ಹೋಗುವುದು. ನನ್ನ ಮೊಮ್ಮಗ ಕೇಳಿದ ಮೊದಲ ಪ್ರಶ್ನೆ, ಹಸು ಯಾಕೆ ಎರಡು ಕಿವಿಗೂ ಓಲೆ ಹಾಕಿಕೊಂಡಿದೆ ಅಂತ. ಅದು ಬಿಲ್ಲೆ ಕಣೋ, ಅದರ ನಂಬರು ಅಂದೆ. 1996ರಿಂದ ಈಚೆಗೆ ಬ್ರಿಟನ್ನಿನಲ್ಲಿ ಹುಟ್ಟಿದ ಪ್ರತಿ ದನಕ್ಕೂ ಪಾಸ್‌ಪೋರ್ಟ್ ಇರುತ್ತದೆ. ಎಲ್ಲಿ ಹುಟ್ಟಿತು, ಯಾರ ಕೊಟ್ಟಿಗೆಯಿಂದ ಯಾರ ಕೊಟ್ಟಿಗೆಗೆ ಹೋಯಿತು, ಎಲ್ಲ ಅದರಲ್ಲಿ. ನಮ್ಮಲ್ಲೂ ಈಗ 12 ಅಂಕಿಯ ಹಳದಿ ಬಿಲ್ಲೆ ಹಾಕುತ್ತಾರೆ. "ಹಾಗಾದರೆ ಹಸುವಿಗೂ ನನಗೂ ಪಾಸ್‌ಪೋರ್ಟ್ ಇದೆ" ಅಂತ ಕುಣಿದ.

ಎರಡನೇ ಪ್ರಶ್ನೆ ಕಷ್ಟದ್ದು. ಇಂಥ ಇನ್ನೊಂದು ಫಾರ್ಮಿನ ಅಂಗಡಿಯಲ್ಲಿ ಮೊಟ್ಟೆಯ ಜೊತೆ ಮಾಂಸವನ್ನೂ ಇಟ್ಟಿದ್ದರು. ಕೆಲವು ಕಡೆ ತಾವು ಬೆಳೆಸಿದ್ದನ್ನೇ ಮಾರುತ್ತಾರೆ. "ತಾತ, ಇದು ಆ ಹಂದಿಯದಾ?" ಅಂತ ಕೇಳಿಬಿಟ್ಟ. ಅವರಮ್ಮ ಇಲ್ಲಪ್ಪ ಅನ್ನುವುದಕ್ಕೆ ಬಾಯಿ ತೆರೆದಳು, ನಾನು ಸನ್ನೆ ಮಾಡಿ ತಡೆದೆ. ಹೊಸತೊಡಕಿಗೆ ಮರಿ ಕುಯ್ಯುವ ಮನೆಯಲ್ಲಿ ಬೆಳೆದವರು ನಾವು. ಆ ಮರಿಯ ಮೈ ತೊಳೆದವರೂ, ಸೊಪ್ಪು ತಂದು ಹಾಕಿದವರೂ, ಕುಯ್ದ ದಿನ ಮೂಲೆಯಲ್ಲಿ ಕೂತು ಅತ್ತವರೂ ನಾವೇ. ಸಾಕುವುದು, ಪ್ರೀತಿ ಮಾಡುವುದು, ತಿನ್ನುವುದು ಮೂರೂ ಒಂದೇ ಅಂಗಳದಲ್ಲಿ ನಡೆಯುತ್ತಿದ್ದವು, ನಮಗೆ ಯಾರೂ ಸುಳ್ಳು ಹೇಳಲಿಲ್ಲ. ಹೌದಪ್ಪ, ಅಂಥದೇ ಹಂದಿಯದು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ಚೆನ್ನಾಗಿ ಆಟ ಆಡಿತ್ತಾ?" ಅಂತ ಕೇಳಿದ. ಆಡಿತ್ತು ಅಂದೆ. ನಿಮ್ಮ ಮನೆಯಲ್ಲಿ ಏನು ತಿನ್ನುತ್ತೀರೋ ಬಿಡುತ್ತೀರೋ ಅದು ನಿಮ್ಮ ಇಷ್ಟ. ಮಗ ಕೇಳಿದಾಗ ನಿಜ ಹೇಳು.

ಇನ್ನೊಂದು ಆಸೆ ನನ್ನದು. ಅಲ್ಲಿ ನಿಂತಾಗ ಅವನ ಜೊತೆ ಕನ್ನಡದಲ್ಲೇ ಮಾತಾಡು. ಮನೆಯಲ್ಲಿ ಊಟ, ನಿದ್ದೆ, ಸ್ನಾನದ ಕನ್ನಡ ಅವನಿಗೆ ಬರುತ್ತದೆ. ಆದರೆ ಮೆಲುಕು, ಕೆಚ್ಚಲು, ಗೊರಸು, ಗಂಗೆದೊಗಲು, ಬಣವೆ, ತಿಪ್ಪೆ ಅನ್ನುವ ಮಾತುಗಳನ್ನು ಹದಿನಾಲ್ಕನೇ ಮಹಡಿಯಲ್ಲಿ ಯಾವ ವಸ್ತು ತೋರಿಸಿ ಹೇಳಿಕೊಡುತ್ತೀಯ? ಅಲ್ಲಿ ಡೆಕ್ಸ್‌ಟರ್ ಅಂತ ಒಂದು ಗಿಡ್ಡ ಹಸು ಇತ್ತು, ಐರ್ಲೆಂಡಿನ ತಳಿ, ನಮ್ಮ ಮಲೆನಾಡು ಗಿಡ್ಡಕ್ಕಿಂತ ಒಂದಿಷ್ಟು ಎತ್ತರ ಅಷ್ಟೇ. ಮೊಮ್ಮಗನಿಗೆ ಫೋನಿನಲ್ಲಿ ನಮ್ಮ ಹಳ್ಳಿಕಾರ್ ಎತ್ತಿನ ಚಿತ್ರ ತೋರಿಸಿ, ಎರಡಕ್ಕೂ ಏನು ವ್ಯತ್ಯಾಸ ಹೇಳು ನೋಡೋಣ ಅಂದೆ. ಹಸುವನ್ನು ಒಮ್ಮೆ, ಚಿತ್ರವನ್ನು ಒಮ್ಮೆ ನೋಡಿ, "ಇದಕ್ಕೆ ಬೆನ್ನ ಮೇಲೆ ಗುಡ್ಡ ಇಲ್ಲ" ಅಂದ. ಅದಕ್ಕೆ ಹಿಣಿಲು ಅಂತಾರೆ ಅಂದೆ. ಹಿಣಿಲು, ಹಿಣಿಲು ಅಂತ ಮನೆತನಕ ಹೇಳಿಕೊಂಡು ಬಂದ. ಆ ಮಾತು ಅವರಪ್ಪನಿಗೇ ಮರೆತುಹೋಗಿತ್ತು. ಸಂಕ್ರಾಂತಿಯ ದಿನ ಬಿಡುವು ಮಾಡಿಕೊಂಡು ಹೋಗು. ಕೆಸರಿರುತ್ತದೆ, ಚಳಿಯಿರುತ್ತದೆ, ಜನ ಇರುವುದಿಲ್ಲ. ದನದ ಮುಂದೆ ನಿಂತು, ಇವತ್ತು ನಮ್ಮೂರಲ್ಲಿ ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚಿ ಸಂಜೆ ಕಿಚ್ಚು ಹಾಯಿಸುತ್ತಾರೆ ಅಂತ ಹೇಳು. ದನ ಎದುರಿಗಿದ್ದಾಗ ಹೇಳಿದ ಹಬ್ಬವೇ ಬೇರೆ.

ಸ್ವಲ್ಪ ದಿನ ಹೋಗಿ ಮುಖಪರಿಚಯ ಆದಮೇಲೆ, ಕೆಲಸ ಏನಾದರೂ ಇದೆಯಾ ಅಂತ ಕೇಳು. ಇಂಥ ಫಾರ್ಮುಗಳು ನಡೆಯುವುದೇ ಬಿಟ್ಟಿ ದುಡಿಯುವ ಕೈಗಳಿಂದ. ದೊಡ್ಡ ಕಂಪನಿಗಳವರೂ ಒಂದು ದಿನ ತಂಡ ಕಟ್ಟಿಕೊಂಡು ಬಂದು ಬೇಲಿಗೆ ಬಣ್ಣ ಬಳಿದು, ಸಗಣಿ ಎತ್ತಿ ಹೋಗುತ್ತಾರೆ. ನಾನು ಅಲ್ಲಿ ಕಂಡ ಒಬ್ಬಾತ ಕತ್ತಿನ ಟೈ ಬಿಚ್ಚಿ ಜೇಬಿಗೆ ತುರುಕಿ ಗುದ್ದಲಿ ಹಿಡಿದಿದ್ದ, ಬೆವರುತ್ತಿದ್ದ, ಮುಖದಲ್ಲಿ ಕಳೆಯಿತ್ತು. ನಿನ್ನ ಗಂಡನನ್ನೂ ಕಳಿಸು. ವಾರವೆಲ್ಲ ಪರದೆ ನೋಡಿದ ಕಣ್ಣಿಗೆ ತಿಪ್ಪೆಯಿಂದ ಏಳುವ ಹಬೆ ಒಳ್ಳೆಯದು. ಹೊಲ ಬೇಕು ಅಂತ ಅವನು ಆಗಾಗ ಅನ್ನುತ್ತಿದ್ದನಂತಲ್ಲ, ಅದಕ್ಕೂ ದಾರಿಯಿದೆ. 1908ರ ಕಾಯಿದೆಯ ಪ್ರಕಾರ ಅಲ್ಲಿನ ಪುರಸಭೆಗಳು ಜನರಿಗೆ ತರಕಾರಿ ಬೆಳೆಯಲು ಬಾಡಿಗೆಗೆ ತುಂಡು ನೆಲ ಕೊಡುತ್ತವೆ. ಪೂರಾ ತುಂಡು ಅಂದರೆ 250 ಚದರ ಮೀಟರ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಲಂಡನ್ನಿನಲ್ಲಿ ಕಾಯುವವರ ಸಾಲು ಉದ್ದ, ಇವತ್ತೇ ಹೆಸರು ಬರೆಸಿ ಇಡಲಿ.

ಉಳಿದ ಫಾರ್ಮುಗಳಿಗೆ ವರ್ಷಕ್ಕೊಮ್ಮೆ ನೆಂಟರ ಮನೆಗೆ ಹೋದ ಹಾಗೆ ಹೋಗಿ ಬಾ. ಬ್ರಿಕ್ ಲೇನ್ ಹತ್ತಿರದ ಸ್ಪಿಟಲ್‌ಫೀಲ್ಡ್ಸ್ ಫಾರ್ಮಿನಲ್ಲಿ ಆ ಕಡೆ ನೆಲೆಸಿರುವ ಬಾಂಗ್ಲಾದ ಹೆಣ್ಣುಮಕ್ಕಳು ಕೋರಿಯಾಂಡರ್ ಕ್ಲಬ್ ಅಂತ ಕಟ್ಟಿಕೊಂಡು ತಮ್ಮ ಊರಿನ ತರಕಾರಿ ಬೆಳೆಸಿದ್ದಾರೆ. ಆ ಚಳಿಯ ದೇಶದಲ್ಲಿ ಸೋರೆ ಬಳ್ಳಿ! ನಿಮ್ಮತ್ತೆ ಅದರ ಎಲೆ ಸವರಿ, ತವರುಮನೆ ಚಪ್ಪರ ಅಂದಳು. ವಾಕ್ಸ್‌ಹಾಲ್ ಫಾರ್ಮಿಗೆ ಹೋದ ದಿನ ಅಲ್ಲಿಂದ ನದಿಯ ದಂಡೆಗೆ ನಡೆದು ಬಾ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ನಾವು ಹೋದಾಗ ನನ್ನ ಬೂಟಿಗೆ ಫಾರ್ಮಿನ ಸಗಣಿ ಮೆತ್ತಿತ್ತು. ಹಾಗೇ ನಿಲ್ಲುವುದಾ ಅಂತ ಒಂದು ಗಳಿಗೆ ಹಿಂಜರಿದೆ. ಕಾಯಕದ ಬಗ್ಗೆ ಅಷ್ಟು ಹೇಳಿದವರ ಎದುರು ಇದಕ್ಕಿಂತ ಸರಿಯಾದ ಬೂಟು ಯಾವುದು ಅನ್ನಿಸಿ, ಕೈಮುಗಿದೆ.

ಬಟ್ಟೆಬರೆ ವಿಷಯ ನಿನಗೇ ಗೊತ್ತಾಗುತ್ತದೆ. ಮಗನಿಗೆ ಗಮ್‌ಬೂಟು ಒಂದು ಸೈಜು ದೊಡ್ಡದೇ ತಗೊ, ಒಳಗೆ ದಪ್ಪ ಕಾಲುಚೀಲ ಹಾಕಬಹುದು. ಕೆಲವು ಫಾರ್ಮುಗಳಿಗೆ ಸೋಮವಾರ ರಜೆ, ಹೊರಡುವ ಮುಂಚೆ ನೋಡಿಕೊ. ಮಳೆ ಅಂತ ಹಿಂದೇಟು ಹಾಕಬೇಡ.

ಮೊದಲ ಸಲ ಹೋದಾಗ ಮೇಕೆಗಳ ಕಡೆ ಹೋಗಿ, ಎಡಗಿವಿಯ ಅಂಚು ಹರಿದಿರುವ ಕಂದು ಬಣ್ಣದವಳು ಇದ್ದಾಳಾ ನೋಡು. ನಾವು ಬಂದಾಗಲೇ ಅವಳಿಗೆ ವಯಸ್ಸಾಗಿತ್ತು, ಹಲ್ಲು ಸವೆದಿದ್ದವು. ಇದ್ದರೆ ಒಂದು ಸಾಲು ಬರೆ. ಇಲ್ಲದಿದ್ದರೂ ಬರೆ, ಮೊಮ್ಮಗನಿಗೆ ನಾನೇ ಹೇಳುತ್ತೇನೆ.

ಇಂತಿ,
ನಿನ್ನ ಮಾವ